ಬೆಳಿಗ್ಗೆ ಮಿಸ್ಸಿಂಗ್, ಬಿಸಿಯಾದ ಮೇಲೆ ಸರಿ: ಹಳೆ ಡೀಸೆಲ್ ಪಿಕಪ್‌ನ ಪಂಪು ಬಿಚ್ಚುವ ಮೊದಲು

ಪ್ರಶ್ನೆ: ನನ್ನದು 2008ರ ಮಾಡೆಲ್ ಪಿಕಪ್. 4 ಸಿಲಿಂಡರಿನ ಡಿಐ (ಡೀಸೆಲ್ ನೇರ ಸಿಲಿಂಡರಿನೊಳಗೇ ಚಿಮ್ಮುವ) ಡೀಸೆಲ್ ಎಂಜಿನ್, ಡೀಸೆಲ್ ಕಳಿಸುವುದು ಹಳೇ ಮೆಕ್ಯಾನಿಕಲ್ ಪಂಪು. ಮುಳಬಾಗಿಲು ಕಡೆಯಿಂದ ಕೋಲಾರದ ಮಾರ್ಕೆಟ್‌ಗೆ ಟೊಮೆಟೊ ಹೊಡೆಯುತ್ತೇನೆ, ಆಗಾಗ ಚಿತ್ತೂರಿಗೂ ಹೋಗುತ್ತೇನೆ. ಕೆಲವು ತಿಂಗಳಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ (ನಡುನಡುವೆ ಹೊಡೆತ ತಪ್ಪುತ್ತದೆ), ಗಾಡಿ ಪೂರ್ತಿ ಅಲ್ಲಾಡುತ್ತದೆ, ಕಣ್ಣು ಉರಿಯುವ ಬಿಳಿ ಹೊಗೆ ಬರುತ್ತದೆ. ಹತ್ತು ನಿಮಿಷ ಓಡಿದ ಮೇಲೆ ಹೆಚ್ಚುಕಮ್ಮಿ ಸರಿಹೋಗುತ್ತದೆ. ಆದರೆ ಚಿತ್ತೂರಿನಿಂದ ವಾಪಸ್ ಬರುವಾಗ ಮೊಗಿಲಿ ಘಾಟ್ ಏರಿನಲ್ಲಿ ಮೊದಲಿನ ಎಳೆತ ಇಲ್ಲ. ಡೀಸೆಲ್ ಫಿಲ್ಟರ್ ಬದಲಿಸಿದೆ, ನಾಲ್ಕೂ ನಾಝಲ್ ಸರ್ವಿಸ್ ಮಾಡಿಸಿದೆ, ಏನೂ ವ್ಯತ್ಯಾಸ ಆಗಲಿಲ್ಲ. ಈಗ ಮೆಕ್ಯಾನಿಕ್ ಪಂಪು ಇಳಿಸಬೇಕು ಅನ್ನುತ್ತಿದ್ದಾರೆ. ಇಳಿಸಲೇ?

ಉತ್ತರ: ಈಗಲೇ ಇಳಿಸಬೇಡಿ. ನೀವು ಬರೆದ ಲಕ್ಷಣಗಳಲ್ಲಿ ಪಂಪಿನ ಕಡೆ ಬೆರಳು ತೋರಿಸುವಂಥದ್ದು ಯಾವುದೂ ನನಗೆ ಕಾಣುತ್ತಿಲ್ಲ. ಯಾಕೆ ಅಂತ ಮೊದಲು ಹೇಳುತ್ತೇನೆ. ಆಮೇಲೆ ಏನು ಮಾಡಬೇಕು ಅನ್ನುವುದಕ್ಕೆ ಬರೋಣ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ, ಕಾಯಿಲ್ ಇಲ್ಲ. ಯೂಟ್ಯೂಬ್‌ನಲ್ಲಿ ಪಿಕಪ್ ಮಿಸ್ಸಿಂಗ್ ಅಂತ ಹುಡುಕಿದರೆ ಬರುವ ವಿಡಿಯೊಗಳಲ್ಲಿ ಎಷ್ಟೋ ಅಮೆರಿಕದ ಪೆಟ್ರೋಲ್ ಗಾಡಿಗಳವು. ಅವನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಎಂಜಿನ್ ಗಾಳಿಯನ್ನು ಸುಮಾರು 18ಕ್ಕೆ 1ರಷ್ಟು ಒತ್ತುತ್ತದೆ. ಹಾಗೆ ಒತ್ತಿದ ಗಾಳಿಯ ಬಿಸಿ 500 ಡಿಗ್ರಿ ದಾಟುತ್ತದೆ. ಅದರೊಳಗೆ ನಾಝಲ್ ಡೀಸೆಲನ್ನು ಮಂಜಿನ ಹಾಗೆ ಚಿಮ್ಮಿಸುತ್ತದೆ, ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಅಂದರೆ ಒಂದು ಸಿಲಿಂಡರ್ ಮಿಸ್ ಆಗುವುದಕ್ಕೆ ಮೂರೇ ದಾರಿ. ಡೀಸೆಲ್ ಬರುತ್ತಿಲ್ಲ, ಬಂದರೂ ಸರಿಯಾಗಿ ಚಿಮ್ಮುತ್ತಿಲ್ಲ, ಇಲ್ಲವೇ ಗಾಳಿ ಸಾಕಷ್ಟು ಬಿಸಿಯಾಗುತ್ತಿಲ್ಲ.

ಈಗ ನಿಮ್ಮ ಬಿಳಿ ಹೊಗೆ ನೋಡಿ. ಕಣ್ಣು ಉರಿಸುವ ಬಿಳಿ ಹೊಗೆ ಅಂದರೆ ಉರಿಯದೆ ಹೊರಗೆ ಬಂದ ಡೀಸೆಲ್. ಆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿದೆ ಅಂತಾಯಿತು, ಅಲ್ವಾ? ಪಂಪು ಡೀಸೆಲ್ಲನ್ನೇ ಕಳಿಸದಿದ್ದರೆ ಎಂಜಿನ್ ಮಿಸ್ ಆಗುತ್ತಿತ್ತು, ಆದರೆ ಇಷ್ಟು ಹೊಗೆ ಬರುತ್ತಿರಲಿಲ್ಲ. ಇನ್ನೊಂದು, ಬಿಸಿಯಾದ ಮೇಲೆ ಸರಿಹೋಗುವುದು. ಒಂದು ಸಿಲಿಂಡರಿಗೆ ಕಡಿಮೆ ಡೀಸೆಲ್ ಕಳಿಸುವ ಪಂಪು ಬೆಳಿಗ್ಗೆಯೂ ಕಡಿಮೆಯೇ ಕಳಿಸುತ್ತದೆ, ಮಧ್ಯಾಹ್ನವೂ ಕಡಿಮೆಯೇ ಕಳಿಸುತ್ತದೆ. ಎಂಜಿನ್ ಬಿಸಿಯಾಗುತ್ತಿದ್ದ ಹಾಗೆ ಸುಧಾರಿಸುವುದು ಹೊತ್ತಿಕೊಳ್ಳುವ ತೊಂದರೆ. ಹಾಗಾಗಿ ನನ್ನ ಅನುಮಾನ ಎರಡರ ಮೇಲೆ: ಒಂದು ಸಿಲಿಂಡರಿನ ಕಂಪ್ರೆಷನ್ (ಗಾಳಿ ಒತ್ತುವ ಬಲ) ಕುಗ್ಗಿದೆ, ಇಲ್ಲವೇ ಒಂದು ಇಂಜೆಕ್ಟರ್ (ತುದಿಯಲ್ಲಿ ನಾಝಲ್ ಇರುವ ಭಾಗ) ಸರಿಯಾಗಿ ಕೂತಿಲ್ಲ ಅಥವಾ ತೊಟ್ಟಿಕ್ಕುತ್ತಿದೆ. ಘಾಟಿನಲ್ಲಿ ಎಳೆತ ಇಲ್ಲದ್ದೂ ಇದಕ್ಕೇ ಹೊಂದುತ್ತದೆ.

ಆದರೆ ಯಾವ ಸಿಲಿಂಡರ್ ಅಂತಲೇ ಇನ್ನೂ ಯಾರೂ ನೋಡಿದ ಹಾಗಿಲ್ಲ. ನನಗೆ ಬೇಜಾರಾಗುವುದು ಇಲ್ಲೇ. ನಾಲ್ಕೂ ನಾಝಲ್ ಸರ್ವಿಸ್ ಆಯಿತು, ಫಿಲ್ಟರ್ ಆಯಿತು, ಈಗ ಪಂಪು. ಆದರೆ ಸತ್ತಿರುವುದು ಎಷ್ಟನೇ ಸಿಲಿಂಡರ್ ಅಂತ ಕೇಳಿದರೆ ಉತ್ತರ ಇಲ್ಲ. ಅದನ್ನು ಕಂಡುಹಿಡಿಯಲು ಒಂದು ಸ್ಪ್ಯಾನರ್ ಸಾಕು, ಹೊಸ ಪಾರ್ಟ್ ಒಂದೂ ಬೇಡ.

ನಾಳೆ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಕೆಲಸ ಶುರು ಮಾಡಿ. ಬಿಸಿಯಾದ ಮೇಲೆ ಗ್ಯಾರೇಜಿಗೆ ತೆಗೆದುಕೊಂಡು ಹೋದರೆ ತೊಂದರೆ ಅಡಗಿಕೊಂಡಿರುತ್ತದೆ, ಮೆಕ್ಯಾನಿಕ್‌ಗೂ ಏನೂ ಸಿಗುವುದಿಲ್ಲ. ಸಾಧ್ಯವಾದರೆ ಗಾಡಿಯನ್ನು ಹಿಂದಿನ ರಾತ್ರಿಯೇ ಅಲ್ಲಿ ಬಿಟ್ಟು ಬನ್ನಿ. ಸ್ಟಾರ್ಟ್ ಮಾಡಿ, ರೇಸ್ ಮಾಡದೆ ಐಡ್ಲಿಂಗ್‌ನಲ್ಲಿ ಬಿಟ್ಟು ಸೈಲೆನ್ಸರ್ ಹತ್ತಿರ ನಿಂತು ಕೇಳಿ. ಮಿಸ್ಸಿಂಗ್ ಒಂದೇ ತಾಳದಲ್ಲಿ, ಅಂದರೆ ಪ್ರತಿ ನಾಲ್ಕು ಹೊಡೆತಕ್ಕೆ ಒಂದು ತಪ್ಪುತ್ತಿದ್ದರೆ ಅದು ಒಂದೇ ಸಿಲಿಂಡರಿನ ತೊಂದರೆ. ತಾಳ ಇಲ್ಲದೆ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ತಪ್ಪುತ್ತಿದ್ದರೆ, ಐಡ್ಲಿಂಗ್ ಏರಿ ಇಳಿಯುತ್ತಿದ್ದರೆ, ಡೀಸೆಲ್ಲಿನಲ್ಲಿ ಗಾಳಿ ಅಥವಾ ನೀರು ಇರುವ ಸಾಧ್ಯತೆ ಜಾಸ್ತಿ. ಮಿಸ್ಸಿಂಗ್ ಇಲ್ಲದೆ ಬರೀ ಅಲ್ಲಾಟ ಇದ್ದರೆ ಎಂಜಿನ್ ಮೌಂಟಿಂಗ್ ರಬ್ಬರ್ ನೋಡಿ. ಇಷ್ಟು ವಯಸ್ಸಾದ ಗಾಡಿಯಲ್ಲಿ ಅದು ಕುಸಿದಿರುವುದು ಮಾಮೂಲು.

ಆಮೇಲೆ ಪೈಪಿನ ಪರೀಕ್ಷೆ. ಪಂಪಿನಿಂದ ಇಂಜೆಕ್ಟರಿಗೆ ಬರುವ ನಾಲ್ಕು ಸಣ್ಣ ಸ್ಟೀಲ್ ಪೈಪು ಇವೆಯಲ್ಲ, ಅವುಗಳ ಇಂಜೆಕ್ಟರ್ ಕಡೆಯ ನಟ್ ಮೇಲೆ ಕೆಲಸ. ಸಾಮಾನ್ಯವಾಗಿ 17ರ ಸ್ಪ್ಯಾನರ್ ಹಿಡಿಯುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಒಂದು ನಟ್ ಅರ್ಧ ಸುತ್ತು ಸಡಿಲ ಮಾಡಿ. ಡೀಸೆಲ್ ಅಲ್ಲೇ ಸೋರಿಹೋಗುತ್ತದೆ, ಆ ಸಿಲಿಂಡರಿಗೆ ಹೋಗುವುದಿಲ್ಲ. ಎಂಜಿನ್ನಿನ ಸದ್ದು ಇಳಿದು ಅಲ್ಲಾಟ ಇನ್ನೂ ಹೆಚ್ಚಾದರೆ ಆ ಸಿಲಿಂಡರ್ ಚೆನ್ನಾಗಿ ಕೆಲಸ ಮಾಡುತ್ತಿತ್ತು ಅಂತ ಅರ್ಥ. ನಟ್ ಬಿಗಿ ಮಾಡಿ ಮುಂದಿನದಕ್ಕೆ ಹೋಗಿ. ಯಾವ ನಟ್ ಸಡಿಲ ಮಾಡಿದರೂ ಎಂಜಿನ್ನಿಗೆ ಏನೂ ಅನ್ನಿಸುವುದಿಲ್ಲವೋ ಅದೇ ಸತ್ತ ಸಿಲಿಂಡರ್. ಬಿಳಿ ಹೊಗೆಯನ್ನೂ ಗಮನಿಸಿ. ಆ ನಟ್ ಸಡಿಲ ಮಾಡಿದಾಗಲೇ ಹೊಗೆಯೂ ಕಡಿಮೆಯಾದರೆ ಇನ್ನು ಅನುಮಾನವೇ ಬೇಡ. 1ನೇ ಸಿಲಿಂಡರ್ ಯಾವ ತುದಿಯಿಂದ ಎಣಿಸುತ್ತಾರೆ ಅನ್ನುವುದು ಎಂಜಿನ್ನಿಂದ ಎಂಜಿನ್ನಿಗೆ ಬೇರೆ ಇರುತ್ತದೆ. ಜಗಳ ಬೇಡ, ರೇಡಿಯೇಟರ್ ಕಡೆಯಿಂದ ಎಣಿಸಿ ಚಾಕ್‌ಪೀಸಿನಲ್ಲಿ ನಂಬರ್ ಬರೆದುಬಿಡಿ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಓದಿ. ಆ ಪೈಪಿನೊಳಗಿನ ಒತ್ತಡ 200 ಬಾರ್ ದಾಟುತ್ತದೆ. ನಿಮ್ಮ ಹಿಂದಿನ ಟಯರಿನ ಗಾಳಿ 4 ಬಾರ್ ಆಸುಪಾಸು. ಸೂಜಿಯಷ್ಟು ಸಣ್ಣ ಚಿಲುಮೆ ಚರ್ಮ ತೂರಿ ಒಳಗೆ ಹೋಗಬಲ್ಲದು. ಹೊರಗೆ ಒಂದು ಚುಕ್ಕಿ ಮಾತ್ರ ಕಾಣುತ್ತದೆ, ಅಷ್ಟೊಂದು ನೋವೂ ಇರುವುದಿಲ್ಲ, ಆದರೆ ಒಳಗೆ ಬೆರಳೇ ಕೊಳೆಯಬಹುದು. ಕನ್ನಡಕ ಹಾಕಿ, ದಪ್ಪ ಗ್ಲೌಸ್ ಹಾಕಿ, ನಟ್ ಮೇಲೆ ಬಟ್ಟೆ ಹೊದಿಸಿ, ಕೈ ಎದುರಿಗೆ ಇಡಬೇಡಿ. ತಾಗಿತು ಅಂದರೆ ನಾಳೆ ನೋಡೋಣ ಅನ್ನದೆ ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ. ಇನ್ನೊಂದು, ಈ ಪರೀಕ್ಷೆ ಹಳೆಯ ಡಿಐ ಬೊಲೆರೊ ಪಿಕಪ್, ಟಾಟಾ 207 ಡಿಐ ತರಹದ, ಮೆಕ್ಯಾನಿಕಲ್ ಪಂಪು ಇರುವ ಗಾಡಿಗಳಿಗೆ ಮಾತ್ರ. ಪ್ರತಿ ಇಂಜೆಕ್ಟರಿನ ತಲೆಗೆ ವೈರಿನ ಸಾಕೆಟ್ ಇದ್ದರೆ ಅದು ಕಾಮನ್ ರೈಲ್ ಎಂಜಿನ್, ಅಂದರೆ ಒಂದೇ ದಪ್ಪ ಪೈಪಿನಲ್ಲಿ ಒತ್ತಡದ ಡೀಸೆಲ್ ಇಟ್ಟು ಎಲ್ಲ ಇಂಜೆಕ್ಟರಿಗೂ ಕೊಡುವಂಥದ್ದು. ಅಲ್ಲಿ ಒತ್ತಡ 1000 ಬಾರ್ ದಾಟುತ್ತದೆ. ಅದರ ನಟ್‌ಗೆ ಎಂಜಿನ್ ಓಡುವಾಗ ಸ್ಪ್ಯಾನರ್ ಹಾಕಲೇಬಾರದು. ಅದಕ್ಕೆ ಸ್ಕ್ಯಾನರ್ ಇದೆ, ಇಂಜೆಕ್ಟರಿನ ರಿಟರ್ನ್ (ವಾಪಸ್ ಹೋಗುವ ಡೀಸೆಲ್) ಅಳೆಯುವ ಪರೀಕ್ಷೆ ಇದೆ.

ನಟ್ ಮುಟ್ಟಲು ಧೈರ್ಯ ಇಲ್ಲದಿದ್ದರೆ ಬೇರೆ ದಾರಿಯೂ ಇದೆ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷಕ್ಕೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಾಲ್ಕು ಕಾಲುಗಳ ಬಿಸಿ ನೋಡಿ. ಕೊರೊನಾ ಸಮಯದಲ್ಲಿ ಎಲ್ಲರಿಗೂ ಪರಿಚಯವಾದ ಗನ್ ಥರ್ಮಾಮೀಟರ್ ತರಹದ್ದೇ, ಆದರೆ ಯಂತ್ರಗಳ ಬಿಸಿ ಅಳೆಯುವಂಥದ್ದು ಬೇಕು. ಅದಿಲ್ಲದಿದ್ದರೆ ಪ್ರತಿ ಕಾಲಿನ ಮೇಲೆ ಒಂದೊಂದು ಹನಿ ನೀರು ಬಿಡಿ. ಮೂರರ ಮೇಲೆ ಬೇಗ ಆವಿಯಾಗುತ್ತದೆ, ಒಂದರ ಮೇಲೆ ಹನಿ ಸುಮ್ನೆ ಕೂತಿರುತ್ತದೆ. ಸತ್ತಿರುವುದು ಅದೇ.

ಸಿಲಿಂಡರ್ ಸಿಕ್ಕಿತು ಅಂದುಕೊಳ್ಳಿ. ಈಗ ಆ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿಗೆ, ಪಕ್ಕದ್ದನ್ನು ಇಲ್ಲಿಗೆ ಅದಲುಬದಲು ಮಾಡಿ ಮಾರನೇ ಬೆಳಿಗ್ಗೆ ಮತ್ತೆ ನೋಡಿ. ಮಿಸ್ಸಿಂಗ್ ಇಂಜೆಕ್ಟರಿನ ಜೊತೆ ಹೋದರೆ ಇಂಜೆಕ್ಟರಿನದೇ ತಪ್ಪು. ಮಿಸ್ಸಿಂಗ್ ಅಲ್ಲೇ ಉಳಿದರೆ ಇಂಜೆಕ್ಟರ್ ನಿರ್ದೋಷಿ, ಅದರ ಮೇಲೆ ಇನ್ನು ಒಂದು ರೂಪಾಯಿ ಹಾಕಬೇಡಿ.

ಇಂಜೆಕ್ಟರ್ ಬಿಚ್ಚುವಾಗ ಒಂದು ಜಾಗವನ್ನು ಕಣ್ಣಿಟ್ಟು ನೋಡಿ. ಅದರ ಕೆಳಗೆ ಒಂದು ತಾಮ್ರದ ವಾಷರ್ ಇರುತ್ತದೆ. ಇಂಜೆಕ್ಟರ್ ಎತ್ತಿದಾಗ ಎಷ್ಟೋ ಸಲ ವಾಷರ್ ಜೊತೆಗೆ ಬರುವುದಿಲ್ಲ, ಗುಂಡಿಯ ತಳದಲ್ಲೇ ಅಂಟಿಕೊಂಡಿರುತ್ತದೆ. ಮಸಿಯಲ್ಲಿ ಅದು ಕಾಣುವುದೂ ಇಲ್ಲ. ಅದರ ಮೇಲೆ ಹೊಸ ವಾಷರ್ ಹಾಕಿ ಕೂರಿಸಿದರೆ ನಾಝಲ್ ತುದಿ ಒಂದು ವಾಷರಿನಷ್ಟು ಮೇಲೆ ಕೂರುತ್ತದೆ. ಡೀಸೆಲ್ ಪಿಸ್ಟನ್ನಿನ ಬಟ್ಟಲಿಗೆ ಬೀಳುವ ಬದಲು ಬೇರೆ ಕಡೆ ಬೀಳುತ್ತದೆ, ತಣ್ಣಗಿದ್ದಾಗ ಉರಿಯುವುದಿಲ್ಲ, ಬಿಳಿ ಹೊಗೆ. ನಾಝಲ್ ಸರ್ವಿಸ್ ಆದ ಮೇಲೂ ನಿಮ್ಮ ತೊಂದರೆ ಹಾಗೇ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಮೊದಲಿದ್ದ ತೊಂದರೆ ಹೋಗಿ ಅದೇ ಲಕ್ಷಣದ ಹೊಸದು ಬಂದು ಕೂತಿರಬಹುದು. ಟಾರ್ಚ್ ಹಾಕಿ ಗುಂಡಿ ನೋಡಿ, ಕ್ಲೀನ್ ಮಾಡಿ, ಪ್ರತಿ ಸಲ ಹೊಸ ವಾಷರ್ ಹಾಕಿ, ದಪ್ಪ ಹಳೆಯದರಷ್ಟೇ ಇರಲಿ.

ಸರ್ವಿಸ್ ಅನ್ನುವುದಕ್ಕೂ ಒಬ್ಬೊಬ್ಬರದು ಒಂದೊಂದು ಅರ್ಥ. ಕೆಲವು ಕಡೆ ಬರೀ ತೊಳೆದು ಕೊಡುತ್ತಾರೆ. ನೀವು ಅಂಗಡಿಯಲ್ಲೇ ನಿಂತು ಟೆಸ್ಟರ್ ಮೇಲೆ ಹಾಕಿಸಿ ನೋಡಿ. ನಾಲ್ಕೂ ಒಂದೇ ಒತ್ತಡಕ್ಕೆ, ಅದೂ ಆ ಎಂಜಿನ್ನಿನ ಪುಸ್ತಕದಲ್ಲಿ ಹೇಳಿದ ಒತ್ತಡಕ್ಕೆ ತೆರೆಯಬೇಕು. ಪ್ರತಿ ತೂತಿನಿಂದಲೂ ಮಂಜು ಬರಬೇಕು, ದಾರದ ಹಾಗೆ ನೀರಿನ ಧಾರೆ ಬರಬಾರದು. ಲಿವರ್ ನಿಲ್ಲಿಸಿದ ಮೇಲೆ ತುದಿಯಲ್ಲಿ ಹನಿ ಕೂರಬಾರದು. ಹೊಸ ನಾಝಲ್ ಹಾಕಿದ್ದರೆ ಅದರ ಮೈಮೇಲೆ ಡಿಎಲ್‌ಎಲ್‌ಎ ಅಂತ ಶುರುವಾಗುವ ನಂಬರ್ ಇರುತ್ತದೆ, ಹಳೆಯದರ ನಂಬರಿಗೆ ಹೋಲಿಸಿ. ನೋಡಲು ಒಂದೇ ತರಹ ಇದ್ದು ಸಿಂಪಡಿಸುವ ಕೋನ ಬೇರೆ ಇರುವ ನಾಝಲ್ ಎಷ್ಟೋ ಇವೆ. ನಮ್ಮ ಕಡೆ ಇವತ್ತಿಗೂ ಮೈಕೊ ನಾಝಲ್, ಮೈಕೊ ಪಂಪು ಅಂತಲೇ ಹೇಳುತ್ತಾರೆ. 1951ರಲ್ಲಿ ಶುರುವಾದ, ಆಡುಗೋಡಿಯ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಬದಲಾಯಿತು. ಅಂಗಡಿಯವರು ಮೈಕೊ ಅಂದ ಮಾತ್ರಕ್ಕೆ ಡಬ್ಬಿಯೊಳಗಿರುವುದು ಅದೇ ಅಂತ ನಂಬಬೇಡಿ, ನಂಬರ್ ನೋಡಿಯೇ ತೆಗೆದುಕೊಳ್ಳಿ.

ಅದಲುಬದಲು ಮಾಡಿದರೂ ಮಿಸ್ಸಿಂಗ್ ಅಲ್ಲೇ ಇತ್ತು ಅಂದರೆ ಮುಂದೆ ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಇರಬೇಕಾದ ಸಂದು. ವಾಲ್ವ್ ಕವರ್ ತೆಗೆದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಎಂಟೂ ಟ್ಯಾಪೆಟ್ ನೋಡಿ. ಎಷ್ಟು ಸಂದು ಬೇಕು, ತಣ್ಣಗಿದ್ದಾಗ ಅಳೆಯಬೇಕೋ ಬಿಸಿಯಲ್ಲೋ ಅನ್ನುವುದು ಎಂಜಿನ್ ಪುಸ್ತಕದಲ್ಲಿರುತ್ತದೆ, ಅಂದಾಜಿನಲ್ಲಿ ಬೇಡ. ಸಂದು ಜಾಸ್ತಿ ಇದ್ದರೆ ಟಕ್ ಟಕ್ ಸದ್ದು ಮಾಡಿ ತಾನೇ ಹೇಳುತ್ತದೆ. ಅಪಾಯ ಇರುವುದು ಸಂದು ಇಲ್ಲದ ಟ್ಯಾಪೆಟ್. ಅದು ಸದ್ದೇ ಮಾಡುವುದಿಲ್ಲ, ಎಂಜಿನ್ ನಯವಾಗಿ ಓಡುತ್ತಿದೆ ಅನ್ನಿಸುತ್ತದೆ, ಆದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಉರಿಯುವ ಗ್ಯಾಸ್ ವಾಲ್ವ್ ಮುಚ್ಚದ ಆ ಜಾಗದಲ್ಲೇ ನುಗ್ಗಿ ವಾಲ್ವಿನ ಅಂಚು, ಸೀಟು ಎರಡನ್ನೂ ಸುಡುತ್ತದೆ. ಬರೀ ಟ್ಯಾಪೆಟ್ ಟೈಟ್ ಇದ್ದರೆ ಮಿಸ್ಸಿಂಗ್ ಬಿಸಿಯಾದಾಗ ಹೆಚ್ಚಾಗಬೇಕು, ನಿಮ್ಮದು ಉಲ್ಟಾ. ಆದರೆ ಸೀಟು ಒಮ್ಮೆ ಸುಟ್ಟರೆ ಸೋರಿಕೆ ಯಾವಾಗಲೂ ಇರುತ್ತದೆ, ತಣ್ಣಗಿದ್ದಾಗ ಅದು ಎದ್ದು ಕಾಣುತ್ತದೆ. ಕವರ್ ತೆಗೆದಾಗಲೇ ಮುರಿದ ಸ್ಪ್ರಿಂಗ್, ಬಾಗಿದ ಪುಶ್ ರಾಡ್ ಇದೆಯೇ ಅಂತಲೂ ನೋಡಿಬಿಡಿ.

ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರಿನೊಳಗೆ ಬಿಸಿ ಮಾಡುವ ಪ್ಲಗ್) ಕೆಲವು ಗಾಡಿಗಳಿಗೆ ಇದೆ, ಕೆಲವಕ್ಕೆ ಇಲ್ಲ. ನಿಮ್ಮದಕ್ಕೆ ಇದ್ದರೆ ವೈರ್ ಬಿಚ್ಚಿ ಟೆಸ್ಟ್ ಲ್ಯಾಂಪಿನಲ್ಲಿ ನಾಲ್ಕನ್ನೂ ನೋಡಿ. ಆದರೆ ಕಂಪ್ರೆಷನ್ ಚೆನ್ನಾಗಿರುವ ಡಿಐ ಎಂಜಿನ್ ಒಂದು ಗ್ಲೋ ಪ್ಲಗ್ ಕೆಟ್ಟಿದ್ದಕ್ಕೆ ಹತ್ತು ನಿಮಿಷ ಮಿಸ್ ಆಗುವುದಿಲ್ಲ, ಅದೂ ಕೋಲಾರದ ಹವೆಯಲ್ಲಿ.

ಇನ್ನು ಕಂಪ್ರೆಷನ್. ನನ್ನ ಪ್ರಕಾರ ನಿಮ್ಮ ಉತ್ತರ ಇರುವುದು ಇಲ್ಲೇ. ಡೀಸೆಲ್ ಗೇಜೇ ಬೇಕು, ಪೆಟ್ರೋಲ್ ಗಾಡಿಯ ಗೇಜ್ ಈ ಒತ್ತಡಕ್ಕೆ ಸಾಲುವುದಿಲ್ಲ. ಬ್ಯಾಟರಿ ಫುಲ್ ಚಾರ್ಜ್ ಇರಲಿ, ನಾಲ್ಕೂ ಇಂಜೆಕ್ಟರ್ ಹೊರಗಿರಲಿ, ಡೀಸೆಲ್ ಬಾರದ ಹಾಗೆ ಸ್ಟಾಪ್ ಎಳೆದಿರಲಿ. ಪುಸ್ತಕಗಳಲ್ಲಿ ಬಿಸಿ ಎಂಜಿನ್ನಿನಲ್ಲಿ ಅಳೆಯಿರಿ ಅಂತ ಇರುತ್ತದೆ. ನೀವು ಮೊದಲು ತಣ್ಣಗಿದ್ದಾಗಲೇ ಅಳೆಯಿಸಿ, ತೊಂದರೆ ಇರುವುದು ಆಗಲೇ ಅಲ್ವಾ? ಬೇಕಿದ್ದರೆ ಬಿಸಿಯಲ್ಲಿ ಇನ್ನೊಮ್ಮೆ. ಇಂಥ ಎಂಜಿನ್ ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ 350ರಿಂದ 450 ಪಿಎಸ್ಐ (ಟಯರ್ ಗಾಳಿಗೆ ಹೇಳುವ ಪೌಂಡ್ ಲೆಕ್ಕ) ತೋರಿಸುತ್ತದೆ. ನನಗೆ ಅದಕ್ಕಿಂತ ಮುಖ್ಯ ನಾಲ್ಕರ ನಡುವಿನ ವ್ಯತ್ಯಾಸ. ನಾಲ್ಕೂ 340 ಇದ್ದರೆ ಎಂಜಿನ್ ಹಳೆಯದಾಗಿದೆ, ಆದರೂ ಸಮವಾಗಿ ಓಡುತ್ತದೆ. ಮೂರು 390 ಇದ್ದು ಒಂದು 280 ಇದ್ದರೆ ಆ ಒಂದು ಬೆಳಿಗ್ಗೆ ಹೊತ್ತಿಕೊಳ್ಳುವುದಿಲ್ಲ. ವ್ಯತ್ಯಾಸ 10 ಪರ್ಸೆಂಟ್ ದಾಟಿದರೆ ಯಾಕೆ ಅಂತ ಹುಡುಕಲೇಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಮಾಡುವ ಹಾಗೆ ಸಿಲಿಂಡರಿಗೆ ಆಯಿಲ್ ಸುರಿದು ಅಳೆಯುವ ಪದ್ಧತಿ ಇಲ್ಲಿ ಬೇಡ. ಪಿಸ್ಟನ್ ಮೇಲೆ ಜಾಗ ಬಹಳ ಕಡಿಮೆ, ಆಯಿಲ್ ಜಾಸ್ತಿಯಾದರೆ ಕನೆಕ್ಟಿಂಗ್ ರಾಡೇ ಬಾಗಬಹುದು.

ಕಂಪ್ರೆಷನ್ ಎಲ್ಲಿ ಸೋರುತ್ತಿದೆ ಅಂತ ತಿಳಿಯಲು ಗಾಳಿ ಬಿಟ್ಟು ನೋಡುವುದೇ ಒಳ್ಳೆಯದು. ಆ ಪಿಸ್ಟನ್ನನ್ನು ಕಂಪ್ರೆಷನ್ ಹೊಡೆತದ ತುದಿಗೆ ತಂದು, ಎರಡೂ ವಾಲ್ವ್ ಮುಚ್ಚಿರುವಾಗ, ಇಂಜೆಕ್ಟರ್ ತೂತಿಗೆ ಅಡಾಪ್ಟರ್ ಹಾಕಿ ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ಬಿಡಿ. ಕ್ರ್ಯಾಂಕ್ ಥಟ್ಟನೆ ತಿರುಗಬಹುದು, ಫ್ಯಾನ್ ಹತ್ತಿರ ಕೈ ಇಡಬೇಡಿ. ಈಗ ಕಿವಿ ಕೊಡಿ. ಏರ್ ಫಿಲ್ಟರ್ ಕಡೆ ಸುಯ್ ಅಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಬಂದರೆ ರಿಂಗು, ಲೈನರ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್, ಇಲ್ಲವೇ ಹೆಡ್ ಕ್ರ್ಯಾಕ್. ಅಕ್ಕಪಕ್ಕದ ಎರಡು ಸಿಲಿಂಡರ್ ಎರಡರಲ್ಲೂ ಕಂಪ್ರೆಷನ್ ಕಡಿಮೆ ಇದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವುದೇ ಹೆಚ್ಚು. ಘಾಟಿನಲ್ಲಿ ಎಂದಾದರೂ ಎಂಜಿನ್ ಓವರ್‌ಹೀಟ್ ಆಗಿತ್ತೇ, ಕೂಲಂಟ್ ಸುಮ್ನೆ ಕಡಿಮೆಯಾಗುತ್ತಿದೆಯೇ, ನೆನಪು ಮಾಡಿಕೊಳ್ಳಿ. ಕೂಲಂಟ್ ಆವಿಯ ಬಿಳಿ ಹೊಗೆಗೆ ಸಿಹಿ ವಾಸನೆ ಇರುತ್ತದೆ, ಡೀಸೆಲ್ಲಿನ ಹಾಗೆ ಕಣ್ಣು ಉರಿಸುವುದಿಲ್ಲ. ಹಾಗಾಗಿ ನಿಮ್ಮದರಲ್ಲಿ ಕೂಲಂಟ್ ಒಳಗೆ ಹೋಗುತ್ತಿರುವ ಸಾಧ್ಯತೆ ಕಡಿಮೆ.

ಡೀಸೆಲ್ಲಿನಲ್ಲಿ ಗಾಳಿ, ನೀರು ಇಲ್ಲ ಅನ್ನುವುದನ್ನೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ರಾತ್ರಿ ಗಾಡಿ ನಿಂತಾಗ ಹಳೇ ರಬ್ಬರ್ ಪೈಪಿನಲ್ಲೋ ಬ್ಯಾಂಜೊ ಬೋಲ್ಟಿನ (ಡೀಸೆಲ್ ಒಳಗೇ ಹಾದುಹೋಗುವ ಟೊಳ್ಳು ಬೋಲ್ಟ್) ವಾಷರಿನಲ್ಲೋ ಗಾಳಿ ಎಳೆದುಕೊಂಡು ಡೀಸೆಲ್ ಟ್ಯಾಂಕಿಗೆ ಇಳಿದಿರಬಹುದು. ಆಗ ಬೆಳಿಗ್ಗೆ ಸೆಲ್ಫ್ ಜಾಸ್ತಿ ಹೊಡೆಯಬೇಕಾಗುತ್ತದೆ, ಹತ್ತಿದ ಮೇಲೆ ತಾಳವಿಲ್ಲದೆ ಮಿಸ್ ಆಗಿ ಒಂದೆರಡು ನಿಮಿಷಕ್ಕೆ ಸರಿಹೋಗುತ್ತದೆ. ಹತ್ತು ನಿಮಿಷ ಹಿಡಿಯುವುದಿಲ್ಲ. ಫಿಲ್ಟರಿನಿಂದ ಪಂಪಿಗೆ ಹೋಗುವ ಕಡಿಮೆ ಒತ್ತಡದ ಪೈಪಿನ ಜಾಗದಲ್ಲಿ ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ತುಂಡು ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ನೀರಿಗೆ, ಫಿಲ್ಟರ್ ಕೆಳಗಿನ ಡ್ರೈನ್ ಸಡಿಲ ಮಾಡಿ ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಬಿಡಿ, ನೀರು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮನೆಯಲ್ಲಿ ಡ್ರಮ್ಮಿನಲ್ಲಿ ತುಂಬಿಟ್ಟ ಡೀಸೆಲ್ ಹಾಕುವವರು ಇದನ್ನು ಆಗಾಗ ಮಾಡಲೇಬೇಕು.

ಎಳೆತಕ್ಕೆ ಸಂಬಂಧಿಸಿದ್ದು ಇನ್ನೊಂದಿದೆ. ಯಾರಾದರೂ ಆಕ್ಸಿಲರೇಟರ್ ಪೂರ್ತಿ ಒತ್ತಲಿ, ನೀವು ಬಾನೆಟ್ ತೆಗೆದು ಪಂಪಿನ ಲಿವರ್ ಕೊನೆಯ ಸ್ಟಾಪ್ ಸ್ಕ್ರೂವಿಗೆ ತಾಗುತ್ತದೆಯೇ ನೋಡಿ. ಎಂಜಿನ್ ಆಫ್ ಇರಲಿ. ಕೇಬಲ್ ಹಿಗ್ಗಿ ಲಿವರ್ ಅರ್ಧಕ್ಕೇ ನಿಲ್ಲುವ ಹಳೇ ಗಾಡಿಗಳು ಬೇಕಾದಷ್ಟಿವೆ. ಸೀಲ್ ಇರುವ ಸ್ಕ್ರೂ ಮಾತ್ರ ಮುಟ್ಟಬೇಡಿ. ಡೀಸೆಲ್ ಜಾಸ್ತಿ ಮಾಡಿ ಎಳೆತ ತರಿಸುತ್ತೇನೆ ಅನ್ನುವವರ ಮಾತು ಕೇಳಿದರೆ ಕಪ್ಪು ಹೊಗೆ ಬರುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಕಂಪ್ರೆಷನ್ ಇಲ್ಲದ ಸಿಲಿಂಡರ್ ಹಾಗೇ ಇರುತ್ತದೆ.

ಪಂಪು ಇಳಿಸಲೇಬೇಕಾದ ಸಂದರ್ಭ ಯಾವುದು? ಇಂಜೆಕ್ಟರ್ ಅದಲುಬದಲು ಮಾಡಿ ನೋಡಿ, ಟ್ಯಾಪೆಟ್ ನೋಡಿ, ಕಂಪ್ರೆಷನ್ ನಾಲ್ಕೂ ಸಮ ಬಂದು, ಆಗಲೂ ಅದೇ ಸಿಲಿಂಡರ್ ಸತ್ತಿದ್ದರೆ. ಆಗಲೂ ಯಾವ ಪಂಪು ಅಂತ ನೋಡಿ. ನಾಲ್ಕು ಪೈಪು ಒಂದೇ ಸಾಲಿನಲ್ಲಿ ಹೊರಟರೆ ಇನ್‌ಲೈನ್ ಪಂಪು, ಸಿಲಿಂಡರಿಗೊಂದು ಪ್ಲಂಜರ್ (ಡೀಸೆಲ್ ತಳ್ಳುವ ಕೋಲು), ಒಂದು ಸವೆದಿರಬಹುದು. ಹಿಂದಿನಿಂದ ಸುತ್ತಲೂ ಹೊರಟರೆ ರೋಟರಿ. ಅದರಲ್ಲಿ ಒಂದೇ ಪ್ಲಂಜರ್ ನಾಲ್ಕಕ್ಕೂ ಕೊಡುತ್ತದೆ, ಒಂದೇ ಸಿಲಿಂಡರ್ ಸಾಯಲು ಆ ಪೈಪಿನ ಡೆಲಿವರಿ ವಾಲ್ವ್ ಬಿಟ್ಟರೆ ಬೇರೆ ಕಾರಣ ಕಮ್ಮಿ. ಇಳಿಸುವ ಮೊದಲು ಪಂಪಿಗೂ ಎಂಜಿನ್ನಿಗೂ ಅಡ್ಡಲಾಗಿ ಗುರುತು ಗೀಚಿಸಿ, ಇಲ್ಲದಿದ್ದರೆ ಟೈಮಿಂಗ್ ತಪ್ಪಿ ನಾಲ್ಕೂ ಸಿಲಿಂಡರ್ ಬಿಳಿ ಹೊಗೆ ಬಿಡಲು ಶುರು ಮಾಡುತ್ತವೆ. ಪೈಪಿಗೂ ನಂಬರ್ ಕಟ್ಟಿ. 1-3-4-2 ಫೈರಿಂಗ್ ಆರ್ಡರಿನಲ್ಲಿ ಎರಡು ಪೈಪು ಅದಲುಬದಲಾದರೆ ಒಂದರ ಬದಲು ಎರಡು ಸಿಲಿಂಡರ್ ಮಿಸ್ ಆಗುತ್ತವೆ.

ಮೊದಲು ಪೈಪಿನ ಪರೀಕ್ಷೆ ಮಾಡಿಸಿ. ಯಾವ ಸಿಲಿಂಡರ್, ಇಂಜೆಕ್ಟರ್ ಅದಲುಬದಲು ಮಾಡಿದ ಮೇಲೆ ಏನಾಯಿತು, ತಣ್ಣಗಿದ್ದಾಗ ನಾಲ್ಕರ ಕಂಪ್ರೆಷನ್ ಎಷ್ಟು, ಇಷ್ಟು ಬರೆದು ಕಳಿಸಿ. ಗಾಳಿ ಎಲ್ಲಿ ಕೇಳಿಸಿತು ಅಂತಲೂ ತಿಳಿಸಿದರೆ ಹೆಡ್ ಇಳಿಸಿ ವಾಲ್ವ್ ಕೆಲಸ ಮಾಡಿಸಿದರೆ ಸಾಕೋ, ಪಿಸ್ಟನ್, ಲೈನರ್‌ವರೆಗೂ ಹೋಗಬೇಕೋ ಅಂತ ಹೇಳುತ್ತೇನೆ.